ಯಾರ ಹೆಸರು ಎಷ್ಟು ಸಲ?

ಸೆಪ್ಟೆಂಬರ್ ಬಂತೆಂದರೆ ‘ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ’ ಪಟ್ಟಿ, ಅಕ್ಟೋಬರ್ ಬಂತೆಂದರೆ ನೊಬೆಲ್. ಒಂದು ಯಂತ್ರದ ಎಣಿಕೆ, ಇನ್ನೊಂದು ಮನುಷ್ಯರ ತೀರ್ಮಾನ. ಹೆಪಟೈಟಿಸ್ ಸಿ ವೈರಸ್ಸನ್ನು ಪಳಗಿಸಿದ ನ್ಯೂಯಾರ್ಕಿನ ಚಾರ್ಲ್ಸ್ ರೈಸ್ ಅವರ ನಾಲ್ಕು ದಶಕಗಳ ಕೆಲಸವನ್ನು ಮುಂದಿಟ್ಟುಕೊಂಡರೆ, ಈ ಎಣಿಕೆ ಹಿಡಿಯುವುದೇನು, ಬಿಡುವುದೇನು ಎಂಬುದು ತಿಳಿಯುತ್ತದೆ. ಆ ಕಥೆಯಲ್ಲಿ ನಮ್ಮ ಕ್ಯಾಸನೂರಿಗೂ ಒಂದು ಪಾಲಿದೆ.

2020ರ ಅಕ್ಟೋಬರ್ 5, ಸೋಮವಾರ. ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರು ಗಂಟೆ, ನ್ಯೂಯಾರ್ಕಿನಲ್ಲಿ ಬೆಳಗಿನ ಜಾವ ಐದೂವರೆ. ಮ್ಯಾನ್‌ಹಟನ್ನಿನ ಪೂರ್ವದಂಚಿನ ಯಾರ್ಕ್ ಅವೆನ್ಯೂದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಆರು ತಿಂಗಳ ಹಿಂದಷ್ಟೇ ಆ ಬೀದಿಯ ಆಸ್ಪತ್ರೆಗಳು ಕೊರೊನಾ ರೋಗಿಗಳಿಂದ ಕಿಕ್ಕಿರಿದಿದ್ದವು. ಬೀದಿಗಿಳಿದವರ ಮುಖದ ಮೇಲೆಲ್ಲ ಮಾಸ್ಕ್.

ಅದೇ ಹೊತ್ತಿಗೆ ಸ್ಟಾಕ್‌ಹೋಮಿನಲ್ಲಿ ಥಾಮಸ್ ಪರ್ಲ್‌ಮನ್ ಮೂರು ಹೆಸರು ಓದಿದರು: ಹಾರ್ವೆ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್. ಹೆಪಟೈಟಿಸ್ ಸಿ ವೈರಸ್ಸಿನ ಪತ್ತೆಗಾಗಿ ಆ ವರ್ಷದ ವೈದ್ಯಕೀಯ ನೊಬೆಲ್.

ಮೂರನೆಯವರು ಯಾರ್ಕ್ ಅವೆನ್ಯೂದ ರಾಕ್‌ಫೆಲರ್ ವಿಶ್ವವಿದ್ಯಾಲಯದವರು. ವಯಸ್ಸು 68. ಅವರ ಲ್ಯಾಬ್ ಆಗ ಕೊರೊನಾ ವೈರಸ್ಸಿನ ಬೆನ್ನು ಹತ್ತಿತ್ತು. ಒಂದು ವೈರಸ್ಸನ್ನು ಗೆದ್ದದ್ದಕ್ಕೆ ಪ್ರಶಸ್ತಿ ಬಂತು. ಇನ್ನೊಂದು ವೈರಸ್ಸಿನ ದೆಸೆಯಿಂದ ಡಿಸೆಂಬರಿನ ಸ್ಟಾಕ್‌ಹೋಮ್ ಸಮಾರಂಭ ರದ್ದಾಯಿತು. ಪದಕಗಳೇ ವಿಜೇತರ ಊರುಗಳಿಗೆ ಪ್ರಯಾಣ ಮಾಡಿದವು.

ನೊಬೆಲ್ ಸಮಿತಿ ಕೊಟ್ಟ ಕಾರಣ ಒಂದೇ ಸಾಲಿನದು. ಆದರೆ ವಿಜ್ಞಾನಿಗಳ ಜಗತ್ತು ರೈಸ್ ಅವರನ್ನು ಅದಕ್ಕೂ ಬಹಳ ಮೊದಲೇ ಎಣಿಸಿಟ್ಟಿತ್ತು, ಸೈಟೇಷನ್ ಎಂಬ ಲೆಕ್ಕದಲ್ಲಿ.

ಕೋಳಿಗೂಡಿನಲ್ಲಿ ಶುರುವಾದ ಲೆಕ್ಕ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ ಈ ಪದ ಕೇಳದ ದಿನವಿಲ್ಲ. ಬಡ್ತಿಯ ಅರ್ಜಿಯಲ್ಲಿ ಸೈಟೇಷನ್, ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಸೈಟೇಷನ್. ಶೇ 2ರ ಪಟ್ಟಿ ಬಂದ ವಾರ ಕಾಲೇಜಿನ ಗೇಟಿನಲ್ಲಿ ಅಭಿನಂದನೆಯ ಫ್ಲೆಕ್ಸ್.

ಹಳ್ಳಿಯ ಮದುವೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ ನೆನಪಿಸಿಕೊಳ್ಳಿ. ಯಾರಿಂದ ಏನು ಬಂತು ಎಂದು ಹೆಸರು ಹಿಡಿದು ಬರೆಯುತ್ತಾರೆ. ಸಂಶೋಧನಾ ಪ್ರಬಂಧದ ಕೊನೆಯ ಪುಟವೂ ಅಂಥದ್ದೇ ಋಣದ ಪಟ್ಟಿ: ಈ ವಿಧಾನ ಇಂಥವರಿಂದ, ಆ ಮಾಹಿತಿ ಅಂಥವರಿಂದ. ಊರಿನ ಎಲ್ಲ ಮದುವೆಗಳ ಪುಸ್ತಕಗಳನ್ನು ಒಟ್ಟು ಹಾಕಿ ಯಾರ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಹೇಗೋ, ಸೈಟೇಷನ್ ಲೆಕ್ಕವೂ ಹಾಗೆ.

ಆ ಲೆಕ್ಕಕ್ಕೆ ಕೈಹಾಕಿದವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1925ರಲ್ಲಿ ಹುಟ್ಟಿದ ಯೂಜೀನ್ ಗಾರ್ಫೀಲ್ಡ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಆಮೇಲೆ ಗ್ರಂಥಾಲಯ ವಿಜ್ಞಾನ ಕಲಿತವರು. ಅಮೆರಿಕದ ವಕೀಲರ ಬಳಿ ಒಂದು ಹಳೆಯ ಸೂಚಿ ಇತ್ತು. ಯಾವ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿ ಹೇಳಿವೆ ಎಂಬುದು ಅದರಲ್ಲಿ ಸಿಗುತ್ತಿತ್ತು. ವಿಜ್ಞಾನಕ್ಕೂ ಅಂಥದ್ದು ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಕಚೇರಿಗೆ ಜಾಗ? ನ್ಯೂಜೆರ್ಸಿಯ ಥೊರೋಫೇರ್‌ನಲ್ಲಿ ದುರಸ್ತಿ ಮಾಡಿಕೊಂಡ ಒಂದು ಕೋಳಿಗೂಡು. ಅಲ್ಲಿಂದ ಬೆಳೆದ ಸಂಸ್ಥೆ 1960ರ ದಶಕದಲ್ಲಿ ಹೊರತಂದ ಮೊದಲ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ 613 ಪತ್ರಿಕೆಗಳನ್ನು ಜಾಲಾಡಿ 14 ಲಕ್ಷ ಉಲ್ಲೇಖಗಳನ್ನು ಪಟ್ಟಿ ಮಾಡಿತ್ತು.

ಓದುಗರಿಗೆ ಬೇಕಾದ ಪ್ರಬಂಧ ಬೇಗ ಸಿಗಲಿ ಎಂಬುದು ಗಾರ್ಫೀಲ್ಡ್ ಅವರ ಉದ್ದೇಶವಾಗಿತ್ತು. ವಿಜ್ಞಾನಿಗಳನ್ನೇ ಅಳೆಯುವ ಚಾಳಿ ಆಮೇಲೆ ಬಂತು.

> ಎಚ್-ಇಂಡೆಕ್ಸ್ ಎಂದರೆ
>
> ■ ಒಬ್ಬರ ಎಚ್-ಇಂಡೆಕ್ಸ್ 20 ಎಂದರೆ, ಅವರ 20 ಪ್ರಬಂಧಗಳಿಗೆ ತಲಾ 20 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖ ಸಿಕ್ಕಿದೆ ಎಂದರ್ಥ. ಇದನ್ನು 2005ರಲ್ಲಿ ರೂಪಿಸಿದವರು ಭೌತವಿಜ್ಞಾನಿ ಜಾರ್ಜ್ ಹಿರ್ಷ್.
>
> ■ ಶೇ 2ರ ಪಟ್ಟಿಯ ಹಿಂದಿರುವವರು ಸ್ಟ್ಯಾನ್‌ಫರ್ಡ್‌ನ ಜಾನ್ ಅಯೋನಿಡಿಸ್. ಒಟ್ಟು ಉಲ್ಲೇಖಗಳ ಜೊತೆಗೆ ಸಹಲೇಖಕರ ಸಂಖ್ಯೆ, ಪ್ರಬಂಧದಲ್ಲಿ ಹೆಸರು ಮೊದಲಿದೆಯೋ ಕೊನೆಯಲ್ಲಿದೆಯೋ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.
>
> ■ ವಿಜ್ಞಾನದ ಇತಿಹಾಸದಲ್ಲೇ ಅತಿಹೆಚ್ಚು ಉಲ್ಲೇಖಗೊಂಡ ಪ್ರಬಂಧ 1951ರದು. ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ಅದರ ವಸ್ತು, ಆಲಿವರ್ ಲೌರಿ ಅದರ ಮೊದಲ ಲೇಖಕ. ಉಲ್ಲೇಖಗಳ ಸಂಖ್ಯೆ 3 ಲಕ್ಷಕ್ಕೂ ಹೆಚ್ಚು. ಡಿಎನ್‌ಎ ರಚನೆಯನ್ನು ಸಾರಿದ 1953ರ ಪ್ರಬಂಧ 2014ರ ಲೆಕ್ಕದಲ್ಲಿ ಮೊದಲ ನೂರರೊಳಗೂ ಇರಲಿಲ್ಲ.

ಹಳದಿ ಜ್ವರದ ಹಾದಿ

ರೈಸ್ ಹುಟ್ಟಿದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಡೇವಿಸ್‌ನಲ್ಲಿ ಪ್ರಾಣಿಶಾಸ್ತ್ರದ ಪದವಿ. ಕ್ಯಾಲ್‌ಟೆಕ್‌ನಲ್ಲಿ ಜೇಮ್ಸ್ ಸ್ಟ್ರಾಸ್ ಅವರ ಬಳಿ ಸೊಳ್ಳೆಗಳಿಂದ ಹರಡುವ ಸಿಂಡ್‌ಬಿಸ್ ವೈರಸ್ಸಿನ ಅಧ್ಯಯನ, 1981ರಲ್ಲಿ ಪಿಎಚ್‌.ಡಿ.

ಅಲ್ಲಿಂದ ಅವರ ಗಮನ ಹೊರಳಿದ್ದು ಹಳದಿ ಜ್ವರದ ವೈರಸ್ಸಿನತ್ತ. 1985ರಲ್ಲಿ ರೈಸ್ ಮತ್ತು ಸಂಗಡಿಗರು ಅದರ ಜೀನೋಮಿನ 10,862 ಅಕ್ಷರಗಳನ್ನೂ ಓದಿ ‘ಸೈನ್ಸ್’ನಲ್ಲಿ ಪ್ರಕಟಿಸಿದರು. ಆ ಕುಟುಂಬದ ವೈರಸ್ಸುಗಳು ಹೇಗೆ ಒಂದೇ ಉದ್ದನೆಯ ಪ್ರೋಟೀನ್ ಹೆಣೆದು ಆಮೇಲೆ ತುಂಡು ಮಾಡಿಕೊಳ್ಳುತ್ತವೆ ಎಂಬ ನಕ್ಷೆ ಅದರಿಂದ ಸಿಕ್ಕಿತು. ಡೆಂಗಿಯ ಮೇಲೆ ಕೆಲಸ ಮಾಡುವವರಿಗೂ ಅದು ದಾರಿದೀಪ.

ಅವರು ಓದಿದ ತಳಿ 17ಡಿ. ಅದರ ತವರು ನ್ಯೂಯಾರ್ಕ್. ಇದೇ ಯಾರ್ಕ್ ಅವೆನ್ಯೂದ ಆವರಣದಲ್ಲಿದ್ದ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಥೈಲರ್ ಹಳದಿ ಜ್ವರದ ವೈರಸ್ಸನ್ನು ಕೋಳಿಭ್ರೂಣದ ಅಂಗಾಂಶದಲ್ಲಿ ಮತ್ತೆಮತ್ತೆ ಬೆಳೆಸಿ, ಅದರ ವಿಷ ಇಳಿಸಿ, 1937ರಲ್ಲಿ ಲಸಿಕೆ ಮಾಡಿದ್ದರು. 1951ರ ನೊಬೆಲ್ ಅವರೊಬ್ಬರಿಗೇ ಬಂತು. ದಕ್ಷಿಣ ಆಫ್ರಿಕಾದಿಂದ ಬಂದ ಥೈಲರ್ ಬಳಿ ಎಂ.ಡಿ. ಪದವಿ ಇರಲಿಲ್ಲ.

ಆಫ್ರಿಕಾಕ್ಕೆ ಹೊರಟ ಕನ್ನಡಿಗರು ಹಳದಿ ಕಾರ್ಡ್‌ಗಾಗಿ ಇವತ್ತಿಗೂ ಚುಚ್ಚಿಸಿಕೊಳ್ಳುವುದು ಅದೇ 17ಡಿ ವಂಶದ ಲಸಿಕೆಯನ್ನು. ಅದನ್ನು ಬಳಸುವ ಪ್ರಬಂಧಗಳು ‘17ಡಿ’ ಎಂದಷ್ಟೇ ಬರೆದು ಮುಂದೆ ಹೋಗುವುದುಂಟು. ಥೈಲರ್ ಹೆಸರು ಅಲ್ಲಿ ಬರಲೇಬೇಕೆಂದಿಲ್ಲ. ತೀರಾ ಯಶಸ್ವಿಯಾದ ಸಂಶೋಧನೆ ಎಲ್ಲರ ಸ್ವತ್ತಾಗಿ, ಮಾಡಿದವರ ಹೆಸರೇ ಅಳಿಸಿಹೋಗುತ್ತದೆ ಎಂಬುದನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಗುರುತಿಸಿದ್ದರು. ಅದೇ ವರ್ಷ ಅವರು ಇನ್ನೊಂದನ್ನೂ ತೋರಿಸಿಕೊಟ್ಟರು: ಹೆಸರಿದ್ದವರಿಗೇ ಇನ್ನಷ್ಟು ಹೆಸರು ಹೋಗಿ ಸೇರುತ್ತದೆ. ಉಲ್ಲೇಖದ ಲೆಕ್ಕದಲ್ಲಿ ಈ ಎರಡೂ ದೋಷಗಳಿವೆ.

> ಕ್ಯಾಸನೂರು–ನ್ಯೂಯಾರ್ಕ್
>
> ■ 1957. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನ ಜ್ವರದಿಂದ ಮಲಗಿದರು. ಹಳದಿ ಜ್ವರವೇ ಭಾರತಕ್ಕೆ ಬಂದುಬಿಟ್ಟಿತೇ ಎಂಬುದು ಮೊದಲ ದಿಗಿಲು.
>
> ■ ತನಿಖೆಗೆ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಆಗ ನ್ಯೂಯಾರ್ಕಿನಲ್ಲಿ ಪ್ರತಿಷ್ಠಾನದ ಪ್ರಯೋಗಾಲಯಗಳ ಮುಖ್ಯಸ್ಥರಾಗಿದ್ದವರು ಮ್ಯಾಕ್ಸ್ ಥೈಲರ್.
>
> ■ ಸಿಕ್ಕಿದ್ದು ಹೊಸ ವೈರಸ್, ಉಣ್ಣೆಗಳಿಂದ ಹರಡುವಂಥದ್ದು. ಹಳದಿ ಜ್ವರ, ಡೆಂಗಿ, ಹೆಪಟೈಟಿಸ್ ಸಿ ವೈರಸ್ಸುಗಳ ದೊಡ್ಡ ಕುಟುಂಬಕ್ಕೇ ಸೇರಿದ್ದು. ಮಲೆನಾಡಿನವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಬಾಲ ಸಿಕ್ಕಿತು

1970ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಒಗಟಿತ್ತು. ಆಪರೇಷನ್ ವೇಳೆ ರಕ್ತ ಹಾಕಿಸಿಕೊಂಡವರಿಗೆ ಕೆಲವು ವಾರಗಳಲ್ಲಿ ಲಿವರ್ ಊತ. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ವೈರಸ್ಸೂ ಇಲ್ಲ, ಬಿ ವೈರಸ್ಸೂ ಇಲ್ಲ. ಹಾರ್ವೆ ಆಲ್ಟರ್ ಅದರ ಬೆನ್ನು ಬಿದ್ದರು. ಹೆಸರಿಲ್ಲದ ಆ ಕಾಯಿಲೆಯನ್ನು ‘ಎ-ಯೂ ಅಲ್ಲ, ಬಿ-ಯೂ ಅಲ್ಲ’ ಎಂದೇ ಕರೆಯಬೇಕಾಯಿತು.

1989ರಲ್ಲಿ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅವರ ತಂಡ ವೈರಸ್ಸನ್ನು ಕಣ್ಣಿನಿಂದ ಕಾಣದೆಯೇ ಅದರ ಜೀನಿನ ತುಣುಕು ಹಿಡಿಯಿತು. ರಕ್ತಪರೀಕ್ಷೆ ಬಂತು. ಆದರೆ ಒಂದು ಅನುಮಾನ ಉಳಿಯಿತು: ಲಿವರ್ ಕೆಡಿಸುವುದಕ್ಕೆ ಈ ವೈರಸ್ ಒಂದೇ ಸಾಕೇ? ಜೊತೆಗೆ ಇನ್ನೇನಾದರೂ ಇದೆಯೇ?

ಉತ್ತರ ಬೇಕಿದ್ದರೆ ಜೀನೋಮನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ಅದೊಂದರಿಂದಲೇ ಸೋಂಕು ಬರಿಸಿ ತೋರಿಸಬೇಕು. ಆಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ರೈಸ್ ಅದಕ್ಕೆ ಕೈಹಾಕಿದರು. ಜೀನೋಮ್ ಸಿದ್ಧವಾಯಿತು, ಆದರೆ ಅದಕ್ಕೆ ಜೀವ ಬರಲಿಲ್ಲ.

ಎಡವಟ್ಟು ಎರಡು ಕಡೆ ಇತ್ತು. ಒಂದು, ಜೀನೋಮಿನ ತುದಿಯಲ್ಲಿ 98 ಅಕ್ಷರಗಳ ಒಂದು ಬಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜಪಾನಿನ ಒಂದು ತಂಡ ಮತ್ತು ರೈಸ್ ತಂಡ 1990ರ ದಶಕದ ಮಧ್ಯಭಾಗದಲ್ಲಿ ಬೇರೆಬೇರೆಯಾಗಿ ಅದನ್ನು ಪತ್ತೆ ಮಾಡಿದವು. ಎರಡು, ಈ ವೈರಸ್ ತನ್ನ ನಕಲು ತೆಗೆಯುವಾಗ ವಿಪರೀತ ತಪ್ಪು ಮಾಡುತ್ತದೆ. ರೋಗಿಯ ರಕ್ತದಿಂದ ಹಿಡಿದ ಯಾವುದೋ ಒಂದು ಪ್ರತಿ ಕೆಟ್ಟದ್ದೇ ಆಗಿರುವ ಸಂಭವ ಹೆಚ್ಚು. ರೈಸ್ ತಂಡ ಹಲವು ಪ್ರತಿಗಳನ್ನು ಸಾಲಾಗಿಟ್ಟು, ಪ್ರತಿ ಸ್ಥಾನದಲ್ಲೂ ಯಾವ ಅಕ್ಷರಕ್ಕೆ ಬಹುಮತವಿದೆಯೋ ಅದನ್ನೇ ಆರಿಸಿ ಹೊಸ ಜೀನೋಮ್ ಕಟ್ಟಿತು.

1997. ಆ ಜೀನೋಮಿನ ಆರ್‌ಎನ್‌ಎಯನ್ನು ಚಿಂಪಾಂಜಿಯ ಲಿವರಿಗೇ ಚುಚ್ಚಲಾಯಿತು. ವೈರಸ್ ಹುಟ್ಟಿತು, ಲಿವರ್ ಊದಿತು, ರಕ್ತದಲ್ಲಿ ಪ್ರತಿಕಾಯಗಳೂ ಕಾಣಿಸಿಕೊಂಡವು. ಈ ವೈರಸ್ ಒಂದೇ ಸಾಕು ಎಂಬುದು ಸಾಬೀತಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡವೂ ಅದೇ ವರ್ಷ ಇಂಥದ್ದೇ ಫಲಿತಾಂಶ ತಂದಿತು. ನೊಬೆಲ್ ಸಮಿತಿ ರೈಸ್ ಹೆಸರಿನ ಮುಂದೆ ಬರೆದದ್ದು ಈ ಕೆಲಸವನ್ನೇ.

ಕಾವಲು ಕೆಟ್ಟ ಕೋಶ

ಔಷಧ ಹುಡುಕುವವರಿಗೆ ಚಿಂಪಾಂಜಿಯೊಂದೇ ಸಾಲದು. ಅವರಿಗೆ ಬೇಕಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಯುವ ವೈರಸ್. ಸಾವಿರಾರು ರಾಸಾಯನಿಕಗಳನ್ನು ಅದರ ಮೇಲೆ ಸುರಿದು ಯಾವುದು ನಾಟುತ್ತದೆ ಎಂದು ನೋಡಬೇಕಲ್ಲ. ಈ ವೈರಸ್ಸೋ ತಟ್ಟೆಯಲ್ಲಿ ಬೆಳೆಯಲು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

1999ರಲ್ಲಿ ಜರ್ಮನಿಯ ರಾಲ್ಫ್ ಬಾರ್ಟನ್‌ಷ್ಲಾಗರ್ ತಂಡ ವೈರಸ್ಸಿನ ಜೀನೋಮಿನ ಒಂದು ಭಾಗವನ್ನು ಮಾತ್ರ ಇಟ್ಟುಕೊಂಡು, ಅದು ಲಿವರ್ ಕೋಶದೊಳಗೆ ತಾನೇ ನಕಲಾಗುವಂತೆ ಮಾಡಿತು. ಹೆಸರು ರೆಪ್ಲಿಕಾನ್. ಮರುವರ್ಷ ರೈಸ್ ತಂಡ ಕೆಲವು ಅಕ್ಷರಗಳ ಬದಲಾವಣೆಯಿಂದ ಅದರ ವೇಗವನ್ನು ಹಲವು ಪಟ್ಟು ಹೆಚ್ಚಿಸಿತು.

ನಂತರ ಬಂದದ್ದು ಹುಹ್-7.5 ಎಂಬ ಕೋಶತಳಿ. ರೆಪ್ಲಿಕಾನ್ ಸೇರಿಕೊಂಡಿದ್ದ ಲಿವರ್ ಕೋಶಗಳನ್ನು ಇಂಟರ್‌ಫೆರಾನ್ ಎಂಬ ವೈರಸ್ ನಿರೋಧಕ ಪ್ರೋಟೀನ್ ಕೊಟ್ಟು ಗುಣಪಡಿಸಿ, ಖಾಲಿಯಾದ ಕೋಶಗಳಿಗೆ ಮತ್ತೆ ವೈರಸ್ಸಿನ ಆರ್‌ಎನ್‌ಎ ತುಂಬಿದಾಗ ಅವು ಮೊದಲಿಗಿಂತ ಸಲೀಸಾಗಿ ಅದನ್ನು ಬೆಳೆಸಿದವು. ಯಾಕೆಂಬುದು ಆಮೇಲೆ ತಿಳಿಯಿತು: ವೈರಸ್ ಒಳಬಂದೊಡನೆ ಎಚ್ಚರಿಕೆ ಕೊಡುವ ‘ರಿಗ್-ಐ’ ಎಂಬ ಪ್ರೋಟೀನು ಆ ಕೋಶಗಳಲ್ಲಿ ಕೆಟ್ಟುಹೋಗಿತ್ತು. ಕೋಶಗಳ ಒಳಗಿನ ಕಾವಲು ಎಷ್ಟು ಮುಖ್ಯ ಎಂಬ ಪಾಠ ಕೆಟ್ಟ ಕೋಶದಿಂದಲೇ ಸಿಕ್ಕಿತು.

2001ರ ಹೊತ್ತಿಗೆ ರೈಸ್ ನ್ಯೂಯಾರ್ಕಿಗೆ ಬಂದಿದ್ದರು. 2005ರಲ್ಲಿ ಪೂರ್ಣ ವೈರಸ್ಸೇ ತಟ್ಟೆಯಲ್ಲಿ ಬೆಳೆಯಿತು. ಮೂರು ತಂಡಗಳು ಒಂದೇ ವರ್ಷ ಅದನ್ನು ಸಾಧಿಸಿದವು; ಮೂಲ ಜಪಾನಿನ ತಕಾಜಿ ವಾಕಿತಾ ಒಬ್ಬ ರೋಗಿಯಿಂದ ಪಡೆದ ತಳಿ.

ರೈಸ್ ಉಲ್ಲೇಖಗಳ ಗುಟ್ಟು ಇಲ್ಲಿದೆ. ಹುಹ್-7.5 ಕೋಶ, ರೆಪ್ಲಿಕಾನ್, ವೈರಸ್ಸಿನ ಕ್ಲೋನ್‌ಗಳನ್ನು ಅವರ ಲ್ಯಾಬ್ ಬೇರೆಯವರಿಗೂ ಹಂಚಿತು. ಜಗತ್ತಿನ ಎಷ್ಟೋ ಲ್ಯಾಬ್‌ಗಳ ಇನ್‌ಕ್ಯುಬೇಟರ್‌ಗಳಲ್ಲಿ ಆ ಕೋಶಗಳು ಬೆಳೆದವು. ಬಳಸಿದವರು ಅದು ಎಲ್ಲಿಂದ ಬಂತೆಂದು ಬರೆಯಲೇಬೇಕು. ಲೌರಿಯ 1951ರ ಪ್ರಬಂಧವೂ ಅಷ್ಟೆತ್ತರಕ್ಕೆ ಏರಿದ್ದು ಹೀಗೆಯೇ: ಅದೊಂದು ಬಳಸುವ ವಿಧಾನ. ಲೌರಿ ಕೆಲಸ ಮಾಡಿದ್ದೂ ಸೇಂಟ್ ಲೂಯಿಸ್‌ನ ಅದೇ ವಿಶ್ವವಿದ್ಯಾಲಯದಲ್ಲಿ.

ಒಂದೊಂದೇ ಜೀನ್ ಹಿಡಿದು

ರೈಸ್ ಲ್ಯಾಬಿನ ಇನ್ನೊಂದು ಮುಖ ರೋಗನಿರೋಧಕ ಶಕ್ತಿಯ ಅಧ್ಯಯನ. ವೈರಸ್ ನುಗ್ಗಿದಾಗ ಕೋಶ ಇಂಟರ್‌ಫೆರಾನ್ ಹೊರಸೂಸುತ್ತದೆ. ಅದರ ಕರೆಗೆ ನೂರಾರು ಜೀನ್‌ಗಳು ಒಟ್ಟಿಗೆ ಎದ್ದು ಕೂರುತ್ತವೆ. ಅವುಗಳಲ್ಲಿ ಯಾವುದು ಯಾವ ವೈರಸ್ಸನ್ನು ತಡೆಯುತ್ತದೆ?

2011ರಲ್ಲಿ ಜಾನ್ ಶಾಗಿನ್ಸ್ ಮೊದಲ ಲೇಖಕರಾಗಿ ‘ನೇಚರ್’ನಲ್ಲಿ ಬಂದ ಪ್ರಬಂಧ ಇಂಥ 380ಕ್ಕೂ ಹೆಚ್ಚು ಮಾನವ ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಎದುರಿಗೆ ಹೆಪಟೈಟಿಸ್ ಸಿ, ಹಳದಿ ಜ್ವರ, ವೆಸ್ಟ್ ನೈಲ್, ಎಚ್‌ಐವಿ. ಜೊತೆಗೆ 2006ರಲ್ಲಿ ಕರ್ನಾಟಕದ ಊರೂರುಗಳನ್ನು ಕೀಲುನೋವಿನಿಂದ ಮಲಗಿಸಿದ ಚಿಕೂನ್‌ಗುನ್ಯಾ. ಕೆಲವು ಜೀನ್‌ಗಳು ಹಲವು ವೈರಸ್ಸುಗಳಿಗೆ ಅಡ್ಡಗಾಲು ಹಾಕಿದರೆ ಕೆಲವು ಒಂದಕ್ಕೆ ಮಾತ್ರ ತಡೆಯೊಡ್ಡಿದವು.

2014ರಲ್ಲಿ ಇದೇ ಜೀನ್‌ಗಳ ಬಗ್ಗೆ ರೈಸ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರೆದ ಸಮೀಕ್ಷಾ ಲೇಖನಕ್ಕೆ ಸಾವಿರಕ್ಕೂ ಹೆಚ್ಚು ಉಲ್ಲೇಖಗಳಿವೆ. ಅದರಲ್ಲಿ ಹೊಸ ಪ್ರಯೋಗವಿಲ್ಲ, ಇದ್ದ ಜ್ಞಾನವನ್ನು ಒಪ್ಪವಾಗಿ ಜೋಡಿಸಿಟ್ಟಿದ್ದಾರೆ. ಹಲವು ಕ್ಷೇತ್ರಗಳಲ್ಲಿ ಇದೇ ಕಥೆ. ವರ್ಷಗಟ್ಟಲೆ ಬೆವರು ಸುರಿಸಿದ ಪ್ರಯೋಗಕ್ಕಿಂತ ಒಳ್ಳೆಯ ಸಮೀಕ್ಷೆಗೆ ಹೆಚ್ಚು ಉಲ್ಲೇಖ ಸಿಗುವುದುಂಟು.

ಕೊರೊನಾ ಕಾಲದಲ್ಲಿ ಇನ್ನೊಂದು ಅಲೆ. ರಾಕ್‌ಫೆಲರ್‌ನ ಮೈಕೇಲ್ ನುಸೆನ್‌ಜ್ವೈಗ್, ಪಾಲ್ ಬಿಯೆನಿಯಾಜ್ ಮುಂತಾದವರ ಜೊತೆಗೂಡಿ, ಗುಣಮುಖರಾದವರ ರಕ್ತದಲ್ಲಿನ ಪ್ರತಿಕಾಯಗಳ ಬಗ್ಗೆ ರೈಸ್ 2020ರಲ್ಲೇ ಬರೆದರು. ಜಗತ್ತೆಲ್ಲ ಒಂದೇ ವಿಷಯ ಓದುತ್ತಿದ್ದಾಗ ಅಂಥ ಪ್ರಬಂಧಗಳಿಗೆ ಉಲ್ಲೇಖ ಧಾರಾಕಾರ. ಲೇಖಕರೋ ಡಜನ್‌ಗಟ್ಟಲೆ. ಪ್ರತಿಯೊಬ್ಬರ ಖಾತೆಗೂ ಅಷ್ಟಷ್ಟೂ ಜಮೆ.

ಸಮೂಹದ ಕೆಲಸವನ್ನು ಒಬ್ಬೊಬ್ಬರ ಹೆಸರಿಗೆ ಬರೆಯುವಾಗಿನ ಕಸಿವಿಸಿ ಪ್ರಶಸ್ತಿಗಳಿಗೂ ತಪ್ಪಿದ್ದಲ್ಲ. ಚೂ ಮತ್ತು ಕುವೊ ಅವರನ್ನು ಕೈಬಿಟ್ಟರೆಂದು ಹೌಟನ್ 2013ರಲ್ಲಿ ಕೆನಡಾದ ಪ್ರತಿಷ್ಠಿತ ಗೇರ್ಡ್‌ನರ್ ಪ್ರಶಸ್ತಿಯನ್ನೇ ನಿರಾಕರಿಸಿದ್ದರು.

ಪ್ರಿನ್ಸ್‌ಟನ್ನಿನ ಮಾತ್ರೆ

ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಬನ್ನಿ. ಪ್ರಿನ್ಸ್‌ಟನ್ನಿನಲ್ಲಿ ಫಾರ್ಮಾಸೆಟ್ ಎಂಬ ಸಣ್ಣ ಕಂಪನಿ ಇತ್ತು. ಅಲ್ಲಿನ ರಸಾಯನತಜ್ಞ ಮೈಕೇಲ್ ಸೋಫಿಯಾ ಮತ್ತು ಸಂಗಡಿಗರು ವೈರಸ್ಸಿನ ನಕಲು ಯಂತ್ರವನ್ನೇ ಕೆಡಿಸುವ ಒಂದು ಅಣು ತಯಾರಿಸಿದರು. ಪರೀಕ್ಷೆಗೆ ಬೇಕಿದ್ದ ರೆಪ್ಲಿಕಾನ್ ಆಗ ಸಿದ್ಧವಿತ್ತು. ಸೋಫಿಯಾ ಹೆಸರಿನಿಂದಲೇ ಔಷಧಕ್ಕೆ ಸೋಫಾಸ್‌ಬುವಿರ್ ಎಂಬ ಹೆಸರು.

ಅದಕ್ಕೆ ಮೊದಲು ಇದ್ದ ಚಿಕಿತ್ಸೆ ಇಂಟರ್‌ಫೆರಾನ್ ಚುಚ್ಚುಮದ್ದು. ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು, ಖಿನ್ನತೆ. ಕೊನೆಗೆ ಗುಣವಾಗುತ್ತಿದ್ದವರು ಸುಮಾರು ಅರ್ಧದಷ್ಟು. ಹೊಸ ಮಾತ್ರೆಗಳ ಜೋಡಿ 12 ವಾರಗಳಲ್ಲಿ ಶೇ 95ಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತದೆ.

2011ರಲ್ಲಿ ಗಿಲಿಯಡ್ ಕಂಪನಿ ಫಾರ್ಮಾಸೆಟ್ಟನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. 2013ರ ಕೊನೆಗೆ ಮಾತ್ರೆ ಮಾರುಕಟ್ಟೆಗೆ ಬಂದಾಗ ಒಂದಕ್ಕೆ ಸಾವಿರ ಡಾಲರ್; 84 ದಿನಕ್ಕೆ 84,000 ಡಾಲರ್. ಅಮೆರಿಕವೇ ಬೆಚ್ಚಿತು. 2014ರಲ್ಲಿ ಭಾರತದ ಏಳು ಕಂಪನಿಗಳಿಗೆ ಜೆನೆರಿಕ್ ತಯಾರಿಸುವ ಪರವಾನಗಿ ಸಿಕ್ಕಿತು. ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಅವುಗಳಲ್ಲೊಂದು. ಬೆಲೆ ಸಾವಿರ ರೂಪಾಯಿಗಳ ಲೆಕ್ಕಕ್ಕೆ ಇಳಿಯಿತು.

2016ರ ಲಾಸ್ಕರ್ ಪ್ರಶಸ್ತಿ ರೈಸ್, ಬಾರ್ಟನ್‌ಷ್ಲಾಗರ್, ಸೋಫಿಯಾ ಮೂವರಿಗೂ ಒಟ್ಟಿಗೆ ಬಂತು. ಆದರೆ ಗುಣವಾದ ರೋಗಿ ಪ್ರಬಂಧ ಬರೆಯುವುದಿಲ್ಲ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಅಡಿಟಿಪ್ಪಣಿಯೂ ಇರುವುದಿಲ್ಲ. ರೈಸ್ ಅವರ ದೊಡ್ಡ ಪ್ರಭಾವ ಯಾವ ಇಂಡೆಕ್ಸಿಗೂ ಸಿಗದ ಜಾಗದಲ್ಲಿದೆ.

> ನಿಮಗಿದು ತಿಳಿದಿರಲಿ
>
> ■ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಲ್ಲಿ ಹೆಪಟೈಟಿಸ್ ಸಿ ಬೇರೂರಿದೆ. ಭಾರತದಲ್ಲಿ ಅಂದಾಜು 55 ಲಕ್ಷ. ಇದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಲೆಕ್ಕ.
>
> ■ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಸಿರೋಸಿಸ್, ಲಿವರ್ ಕ್ಯಾನ್ಸರಿಗೆ ತಿರುಗಬಹುದು. ಹರಡುವುದು ರಕ್ತದಿಂದ. ಲಸಿಕೆ ಇನ್ನೂ ಇಲ್ಲ.
>
> ■ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಜುಲೈ 28 ಹೆಪಟೈಟಿಸ್ ಬಿ ಪತ್ತೆ ಮಾಡಿದ, ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಬರೂಕ್ ಬ್ಲೂಂಬರ್ಗ್ ಅವರ ಜನ್ಮದಿನ.

ಗೆರೆ ಏರಬೇಕೋ ಇಳಿಯಬೇಕೋ

ಇನ್ನು ನಮ್ಮೂರಿಗೆ ಬರೋಣ. ಶಿವಮೊಗ್ಗದಲ್ಲಿ ಮಂಗನ ಕಾಯಿಲೆಯನ್ನೇ ನೆಚ್ಚಿಕೊಂಡ ಸಂಶೋಧಕಿಯೊಬ್ಬರು ಇದ್ದಾರೆಂದು ಭಾವಿಸಿ. ಅವರು ಎಷ್ಟೇ ಒಳ್ಳೆಯ ಕೆಲಸ ಮಾಡಲಿ, ಅದನ್ನು ಉಲ್ಲೇಖಿಸಬೇಕಾದವರು ಎಷ್ಟು ಮಂದಿ? ಆ ವೈರಸ್ಸನ್ನು ಬೆಳೆಸಲು ಬಿಗಿ ಸುರಕ್ಷತೆಯ ಲ್ಯಾಬ್ ಬೇಕು, ಅಂಥವು ಬೆರಳೆಣಿಕೆಯಷ್ಟು. ರೋಗ ಇರುವುದು ಪಶ್ಚಿಮಘಟ್ಟದ ಜಿಲ್ಲೆಗಳಲ್ಲಿ. ಅಲ್ಲಿ ತರಗೆಲೆ ಗುಡಿಸುವವರು, ದನ ಮೇಯಿಸುವವರು ಔಷಧ ಕಂಪನಿಗಳ ಪಾಲಿಗೆ ಗಿರಾಕಿಗಳೇ ಅಲ್ಲ.

ಹೆಪಟೈಟಿಸ್ ಸಿ ಶ್ರೀಮಂತ ದೇಶಗಳಲ್ಲೂ ಇತ್ತು. ಲ್ಯಾಬ್‌ಗಳು, ಕಂಪನಿಗಳು, ಹಣ ಎಲ್ಲವೂ ಅದರ ಸುತ್ತ ನೆರೆದವು. ರೈಸ್ ಅವರ ಪ್ರತಿಭೆ ದೊಡ್ಡದು, ಅದನ್ನು ಬಳಸಿಕೊಂಡ ಸಂತೆಯೂ ದೊಡ್ಡದು. ಹೆಪಟೈಟಿಸ್ ತಜ್ಞರನ್ನೂ ಮಂಗನ ಕಾಯಿಲೆಯ ತಜ್ಞರನ್ನೂ ಒಂದೇ ಎಚ್-ಇಂಡೆಕ್ಸಿನಲ್ಲಿ ತೂಗಿದರೆ, ನಾವು ತೂಗಿದ್ದು ಸಂತೆಯ ಗಾತ್ರವನ್ನು.

ಬಡ್ತಿ, ಅನುದಾನಗಳ ಲೆಕ್ಕದಲ್ಲಿ ಇದರ ಫಲ ಕಾಣುತ್ತದೆ. ಅಂಕಿ ಏರಿಸಿಕೊಳ್ಳಬೇಕಾದ ತರುಣ ವಿಜ್ಞಾನಿ ಜಗತ್ತು ಮಾತಾಡುವ ರೋಗವನ್ನೇ ಆರಿಸಿಕೊಳ್ಳುತ್ತಾನೆ. ಸಾಗರ, ತೀರ್ಥಹಳ್ಳಿಯ ಜ್ವರ ಕಾಯಬೇಕಾಗುತ್ತದೆ. ಹಾಗೆ ಕಾಯುತ್ತಲೇ ಆರು ದಶಕ ದಾಟಿದೆ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು ಕೈಬಿಟ್ಟು ಹೊಸದರ ತಯಾರಿ ನಡೆದಿದೆ.

ಆದ್ದರಿಂದ ಮುಂದಿನ ಸೆಪ್ಟೆಂಬರಿನಲ್ಲಿ ಪಟ್ಟಿ ಬಂದಾಗ ಸಂಖ್ಯೆಯ ಜೊತೆಗೆ ಎರಡು ಪ್ರಶ್ನೆ ಕೇಳಬಹುದು. ಇವರು ಮಾಡಿಕೊಟ್ಟದ್ದನ್ನು ಬಳಸಿ ಬೇರೆಯವರು ಏನು ಮಾಡಿದರು? ಇವರು ಹಿಡಿದ ಸಮಸ್ಯೆ ಎಷ್ಟು ಕರಗಿತು?

ರೈಸ್ ಎರಡರಲ್ಲೂ ಪಾಸಾಗುತ್ತಾರೆ. ಎರಡನೆಯದರಲ್ಲಿ ಪಾಸಾದುದಕ್ಕೆ ದಂಡವೂ ಉಂಟು. ಮಾತ್ರೆ ಬಂದ ಮೇಲೆ ಹೆಪಟೈಟಿಸ್ ಸಿ ಸಂಶೋಧನೆಯ ಭರಾಟೆ ತಗ್ಗಿತು, ಅನೇಕ ಲ್ಯಾಬ್‌ಗಳು ಬೇರೆ ವೈರಸ್ಸುಗಳತ್ತ ಹೊರಳಿದವು. ಬರೆಯುವವರು ಕಡಿಮೆಯಾದರೆ ಉಲ್ಲೇಖಿಸುವವರೂ ಕಡಿಮೆ. ಕಾಯಿಲೆಯ ಮೇಲೆ ಕೆಲಸ ಮಾಡುವವರ ಪಾಲಿಗೆ ಉಲ್ಲೇಖದ ಗೆರೆ ಹೀಗೆ ಇಳಿಯುವುದು ಒಳ್ಳೆಯ ಸುದ್ದಿಯೇ. ಮಂಗನ ಕಾಯಿಲೆಯ ಗೆರೆ ಇಳಿಯುವ ಮಾತು ಆಮೇಲಿರಲಿ, ಅದು ಮೊದಲು ಏರಬೇಕಾಗಿದೆ.